ಬೇಕೆಂದು ಹೊಡೆಯಲಿಲ್ಲ, ನಿಜ. ಆದರೆ ಪೆಟ್ಟು ಬಿದ್ದದ್ದು ತಲೆಗೆ



2024ರ ಆಗಸ್ಟ್ 4, ಭಾನುವಾರ. ಮಧ್ಯಾಹ್ನದ ಊಟ ಮುಗಿಸಿ ಟಿ.ವಿ. ಮುಂದೆ ಕುಳಿತಿದ್ದ ನಿಮ್ಮಲ್ಲಿ ಅನೇಕರಿಗೆ ಆ ದಿನ ಚೆನ್ನಾಗಿ ನೆನಪಿರಬೇಕು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ಹಾಕಿ ಕ್ವಾರ್ಟರ್ ಫೈನಲ್. ಎದುರಾಳಿ ಗ್ರೇಟ್ ಬ್ರಿಟನ್. ಪಂದ್ಯದ 17ನೇ ನಿಮಿಷದಲ್ಲಿ ನಮ್ಮ ರಕ್ಷಣಾ ಆಟಗಾರ ಅಮಿತ್ ರೋಹಿದಾಸ್ ಚೆಂಡನ್ನು ಮುಂದೊಯ್ಯುವ ಭರದಲ್ಲಿದ್ದಾಗ, ಮೇಲೆದ್ದ ಅವರ ಸ್ಟಿಕ್ ಬ್ರಿಟನ್ನಿನ ವಿಲ್ ಕ್ಯಾಲ್ನನ್ ಅವರ ತಲೆಗೆ ತಾಗಿತು. ವಿಡಿಯೊ ಪರಿಶೀಲನೆ ನಡೆಯಿತು. ಕೆಂಪು ಕಾರ್ಡ್! ಉಳಿದ ಸುಮಾರು 43 ನಿಮಿಷ ಭಾರತ ಹತ್ತೇ ಮಂದಿಯೊಂದಿಗೆ ಆಡಬೇಕಾಯಿತು.

ಮುಂದಿನದ್ದು ನಿಮಗೆ ಗೊತ್ತು. ಹರ್ಮನ್‌ಪ್ರೀತ್ ಸಿಂಗ್ ಗೋಲು ಹೊಡೆದರು, ಬ್ರಿಟನ್ ಸಮ ಮಾಡಿತು. 1-1ರಲ್ಲಿ ನಿಂತ ಪಂದ್ಯವನ್ನು ಗೋಲ್‌ಕೀಪರ್ ಶ್ರೀಜೇಶ್ ಶೂಟೌಟ್‌ನಲ್ಲಿ ಕಾಪಾಡಿದರು; 4-2ರಿಂದ ನಾವು ಗೆದ್ದೆವು. ಆದರೆ ಗೆಲುವಿನ ಸಿಹಿ ಬಾಯಲ್ಲಿರುವಾಗಲೇ ಸುದ್ದಿ ಬಂತು: ರೋಹಿದಾಸ್‌ಗೆ ಒಂದು ಪಂದ್ಯದ ನಿಷೇಧ! ಹಾಕಿ ಇಂಡಿಯಾದ ಮೇಲ್ಮನವಿ ತಿರಸ್ಕೃತವಾಯಿತು. ಜರ್ಮನಿಯೆದುರಿನ ಸೆಮಿಫೈನಲ್‌ಗೆ ನಮ್ಮಲ್ಲಿ ಉಳಿದವರು 15 ಆಟಗಾರರು ಮಾತ್ರ. ಪೆನಾಲ್ಟಿ ಕಾರ್ನರ್ ಬಂದಾಗ ಗೋಲಿನಿಂದ ಮೊದಲು ನುಗ್ಗಿ ಹೊಡೆತಕ್ಕೆ ಎದೆಯೊಡ್ಡುವವರು ರೋಹಿದಾಸ್. ಜರ್ಮನಿಯ ಮೊದಲ ಗೋಲು ಬಂದದ್ದೂ ಪೆನಾಲ್ಟಿ ಕಾರ್ನರ್‌ನಿಂದಲೇ. ನಾವು 2-3ರಿಂದ ಸೋತೆವು.

ಆ ವಾರವೆಲ್ಲ ಕಾಲೋನಿಯ ಕಟ್ಟೆಗಳ ಮೇಲೆ, ಚಹಾದ ಅಂಗಡಿಯ ಮುಂದೆ, ಮರಾಠಿ, ಹಿಂದಿ, ಕನ್ನಡ ಮೂರೂ ಭಾಷೆಗಳಲ್ಲಿ ನಡೆದ ವಾದ ಒಂದೇ: ಇದು ನ್ಯಾಯವೇ?

ಒಂದು ಪಕ್ಷ ಹೇಳಿತು, "ಅವನು ಹಿಂದೆ ನೋಡಲೇ ಇಲ್ಲವಲ್ಲ! ಓಡುವಾಗ ಸ್ಟಿಕ್ ಮೇಲೇಳುವುದು ಸಹಜ. ಆಕಸ್ಮಿಕಕ್ಕೆ ಹಳದಿ ಕಾರ್ಡ್ ಸಾಕಿತ್ತು. 43 ನಿಮಿಷ ಹೊರಗೆ ಕೂರಿಸಿದ್ದೇ ಶಿಕ್ಷೆ. ಮತ್ತೊಂದು ಪಂದ್ಯ ಏಕೆ?" ಇನ್ನೊಂದು ಪಕ್ಷದ್ದು ಚಿಕ್ಕ ಮಾತು: "ತಲೆ ತಲೆಯೇ. ಇನ್ನೊಂದು ಅಂಗುಲ ಸರಿದಿದ್ದರೆ ಕಣ್ಣು."

ನಿಯಮ ಏನನ್ನುತ್ತದೆ? ಹಾಕಿಯಲ್ಲಿ ಹಸಿರು ಕಾರ್ಡ್ ಎಂದರೆ 2 ನಿಮಿಷ ಹೊರಗೆ, ಹಳದಿ ಎಂದರೆ ಕನಿಷ್ಠ 5 ನಿಮಿಷ, ಕೆಂಪು ಎಂದರೆ ಆ ಪಂದ್ಯವಿಡೀ ಹೊರಗೆ. ಸ್ಟಿಕ್ಕನ್ನು ಅಪಾಯಕರವಾಗಿ ಬಳಸಬಾರದು, ಬೇರೆ ಆಟಗಾರರ ತಲೆಯ ಮೇಲೆ ಎತ್ತಬಾರದು ಎಂದು ನಿಯಮಪುಸ್ತಕದಲ್ಲಿ ಸ್ಪಷ್ಟವಾಗಿದೆ. ಅಲ್ಲಿ 'ಬೇಕೆಂದು' ಎಂಬ ಷರತ್ತು ಇಲ್ಲ. ಸ್ಟಿಕ್ ಯಾರ ಕೈಯಲ್ಲಿದೆಯೋ ಹೊಣೆ ಅವನದು.

ಈ ಮಾತು ಖಾಪರಖೇಡಾದಲ್ಲಿ ಬೆಳೆದ ನಿಮಗೆ ಹೊಸದಾಗಬಾರದು. ನಮ್ಮ ವಿದ್ಯುತ್ ಕೇಂದ್ರದ ಚಿಮಣಿಗಳನ್ನು ನೋಡುತ್ತಲೇ ದೊಡ್ಡವರಾದವರು ನೀವು. ಬಾಯ್ಲರಿನ ಎತ್ತರದ ಅಟ್ಟದ ಮೇಲೆ ಕೆಲಸ ಮಾಡುವವನ ಕೈಯಿಂದ ಒಂದು ಪಾನಾ ಜಾರಿ ಕೆಳಗೆ ಬಿದ್ದರೆ ಏನಾಗಬಹುದು ಎಂದು ಮನೆಯಲ್ಲಿ ಹಿರಿಯರನ್ನು ಕೇಳಿ. "ನಾನು ಬೇಕೆಂದು ಬೀಳಿಸಲಿಲ್ಲ" ಎಂದರೆ ಕೆಳಗಿದ್ದವನ ತಲೆ ಉಳಿಯುತ್ತದೆಯೇ? ಅದಕ್ಕಾಗಿಯೇ ಕೆಳಗಿನವನಿಗೆ ಹೆಲ್ಮೆಟ್, ಮೇಲಿನವನಿಗೆ ಎಚ್ಚರಿಕೆಯ ಕಟ್ಟುನಿಟ್ಟು. ಅವನನ್ನು ಯಾರೂ ದುಷ್ಟನೆನ್ನುವುದಿಲ್ಲ. ಆದರೆ ತಪ್ಪನ್ನು ದಾಖಲಿಸದೆ ಬಿಡುವುದೂ ಇಲ್ಲ.

ಹಿಮದ ಮೇಲಿನ ಹಾಕಿಯಲ್ಲೂ ಇದೇ ಜಗಳ ನಡೆದಿದೆ. 2010ರ ಮಾರ್ಚ್ 7ರಂದು ಪಿಟ್ಸ್‌ಬರ್ಗ್ ತಂಡದ ಮ್ಯಾಟ್ ಕುಕ್, ಬಾಸ್ಟನ್ನಿನ ಮಾರ್ಕ್ ಸಾವರ್ಡ್ ಅವರ ತಲೆಗೆ ಭುಜದಿಂದ ಡಿಕ್ಕಿ ಹೊಡೆದರು. ಸಾವರ್ಡ್ ಮಿದುಳಿಗೆ ತೀವ್ರ ಆಘಾತವಾಯಿತು. ಆದರೆ ಅಂದಿನ ನಿಯಮದಲ್ಲಿ ಅಂಥ ಡಿಕ್ಕಿ ನಿಷಿದ್ಧವಾಗಿರಲಿಲ್ಲ. ಕುಕ್‌ಗೆ ಒಂದು ದಿನದ ನಿಷೇಧವೂ ಆಗಲಿಲ್ಲ! ಅಭಿಮಾನಿಗಳು ರೊಚ್ಚಿಗೆದ್ದರು. ಅದೇ ತಿಂಗಳು ನ್ಯಾಷನಲ್ ಹಾಕಿ ಲೀಗ್ ತಲೆಗೆ ಗುರಿಯಿಟ್ಟ, ಕಾಣದ ಬದಿಯಿಂದ ಬರುವ ಡಿಕ್ಕಿಗಳನ್ನು ನಿಷೇಧಿಸಿತು. ಸಾವರ್ಡ್ ಮರಳಿ ಬಂದರೂ 2011ರ ಜನವರಿಯ ಬಳಿಕ ಮತ್ತೆ ಆಡಲಾಗಲಿಲ್ಲ. ಅದೇ ವರ್ಷ ಇನ್ನೊಬ್ಬ ಆಟಗಾರನ ತಲೆಗೆ ಮೊಣಕೈ ಹೊಡೆದ ಕುಕ್‌ಗೆ ದೀರ್ಘ ನಿಷೇಧ ಬಿತ್ತು. ನಂತರದ ಋತುವಿನಲ್ಲಿ ಅವರು ತಮ್ಮ ಆಟದ ರೀತಿಯನ್ನೇ ಬದಲಿಸಿಕೊಂಡರು. ನಿಷೇಧದಿಂದ ಪ್ರಯೋಜನವೇನು ಎಂದು ಕೇಳುವವರಿಗೆ ಇದೊಂದು ಉತ್ತರ.

ಹಾಗಾದರೆ ನಮ್ಮ ಕಡೆಯ ದೂರಿನಲ್ಲಿ ಹುರುಳೇ ಇಲ್ಲವೇ? ಇದೆ. ವಿಡಿಯೊ ನೋಡಿ ಕೊಡುವ ತೀರ್ಪು ಎಲ್ಲರಿಗೂ ಒಂದೇ ಆಗಿರಬೇಕು ಎಂದು ಹಾಕಿ ಇಂಡಿಯಾ ಕೇಳಿದ್ದು ಸರಿಯಾದ ಪ್ರಶ್ನೆ. ನಿಧಾನಗತಿಯ ಚಿತ್ರದಲ್ಲಿ ಕ್ಷಣದ ಅವಸರವೂ ಲೆಕ್ಕಹಾಕಿ ಮಾಡಿದ್ದರಂತೆ ಕಾಣುತ್ತದೆ. ತೀರ್ಪಿನ ಅಳತೆಗೋಲನ್ನು ಪ್ರಶ್ನಿಸೋಣ. ಆದರೆ ತಲೆಗೆ ಪೆಟ್ಟು ಬಿದ್ದದ್ದನ್ನೇ ಅಲ್ಲಗಳೆಯುವುದು ಬೇರೆ ಮಾತು.

ನಮ್ಮಲ್ಲೊಂದು ಗಾದೆಯಿದೆ, ನಿಮ್ಮ ಅಜ್ಜಿಯಿಂದ ಕೇಳಿರಬಹುದು: ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದರಂತೆ. ಒಂದು ಪರೀಕ್ಷೆ ಮಾಡಿ ನೋಡಿ. ಅದೇ ದೃಶ್ಯದಲ್ಲಿ ಅಂಗಿಗಳನ್ನು ಅದಲುಬದಲು ಮಾಡಿ. ಕ್ಯಾಲ್ನನ್ ಸ್ಟಿಕ್ ಹರ್ಮನ್‌ಪ್ರೀತ್ ಮುಖಕ್ಕೆ ಬಿದ್ದಿದ್ದರೆ ನೀವು "ಪಾಪ, ಆಕಸ್ಮಿಕ" ಎನ್ನುತ್ತಿದ್ದಿರಾ? ನಾನಂತೂ ಎನ್ನುತ್ತಿರಲಿಲ್ಲ. ಅದನ್ನು ಒಪ್ಪಿಕೊಂಡ ಮೇಲೆ ನನ್ನ ಕೋಪ ಅರ್ಧ ಇಳಿಯಿತು.

ನಮ್ಮ ನಾಡಿನಲ್ಲೇ ಹಾಕಿಯನ್ನು ಮನೆಯ ಹಬ್ಬವಾಗಿಸಿದ ಜಿಲ್ಲೆಯೊಂದಿದೆ. ಬಿ.ಪಿ. ಗೋವಿಂದ, ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರಂಥವರನ್ನು ದೇಶಕ್ಕೆ ಕೊಟ್ಟ ಕೊಡಗು. ಅಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮೊದಲ ವರ್ಷ ಆಡಿದವು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು. ಮಾವ ಒಂದು ತಂಡ, ಸೋದರಳಿಯ ಇನ್ನೊಂದು ತಂಡ! ಸ್ಟಿಕ್ ತಾಗಿದವನು ನಾಳೆ ಮದುವೆ ಮನೆಯಲ್ಲಿ ಪಕ್ಕದ ಎಲೆಗೇ ಕೂರುವವನು. ಬೇಸಿಗೆ ರಜೆಗೆ ಊರಿಗೆ ಹೋದಾಗ ಒಮ್ಮೆ ನೋಡಿ ಬನ್ನಿ.

ರೋಹಿದಾಸ್ ಕಥೆ ಕಹಿಯಲ್ಲಿ ಮುಗಿಯಲಿಲ್ಲ. ಆಗಸ್ಟ್ 8ರಂದು ಭಾರತ ಸ್ಪೇನನ್ನು 2-1ರಿಂದ ಸೋಲಿಸಿತು. ಟೋಕಿಯೋದ ಕಂಚಿನ ಜೊತೆಗೆ ಅವರಿಗೆ ಪ್ಯಾರಿಸ್‌ನ ಕಂಚೂ ಸೇರಿತು.

ಕೊನೆಗೊಂದು ಮಾತು, ಹಿರಿಯನ ಉಪದೇಶವೆಂದು ಬದಿಗಿಡಬೇಡಿ. ಸಂಜೆ ಮೈದಾನದಲ್ಲಿ ಆಡುವಾಗ ಯಾರ ತಲೆಗಾದರೂ ಪೆಟ್ಟು ಬಿದ್ದರೆ, ತಪ್ಪು ಯಾರದೆಂಬ ಪಂಚಾಯಿತಿ ಆಮೇಲಿರಲಿ. ಆಟ ನಿಲ್ಲಿಸಿ. ರಕ್ತ ಬಾರದಿದ್ದರೂ, "ನನಗೇನಾಗಿಲ್ಲ" ಎಂದು ಅವನು ಹಟ ಹಿಡಿದರೂ, ಅವತ್ತು ಮತ್ತೆ ಆಡಿಸಬೇಡಿ. ತಲೆನೋವು, ವಾಂತಿ, ಮಂಪರು, ತಡವರಿಸುವ ಮಾತು ಕಂಡರೆ ತಡಮಾಡದೆ ಡಾಕ್ಟರ ಬಳಿ ಕರೆದೊಯ್ಯಿರಿ. ಏನೂ ಕಾಣದಿದ್ದರೂ ಜೊತೆಯಲ್ಲೇ ಮನೆಯವರೆಗೆ ಹೋಗಿ ಅವನ ತಾಯಿಗೆ ವಿಷಯ ತಿಳಿಸಿ ಬನ್ನಿ. ಸ್ಟಿಕ್ ನಿಮ್ಮದಾಗಿದ್ದರೆ, ಹೋಗುವವರಲ್ಲಿ ನೀವೇ ಮೊದಲಿಗರಾಗಿ.