ಯುರೋಪನ್ನು ಬರಿದು ಮಾಡಿದ ಪ್ಲೇಗು ಲಾಸ್ ಏಂಜಲೀಸ್‌ನಲ್ಲಿ ಸೋತದ್ದೇಕೆ?

1347ರ ಅಕ್ಟೋಬರಿನಲ್ಲಿ ಸಿಸಿಲಿಯ ಮೆಸ್ಸೀನಾ ಬಂದರಿಗೆ ಬಂದ ಹಡಗುಗಳು ಪ್ಲೇಗನ್ನೂ ಹೊತ್ತು ತಂದವು. ನಾಲ್ಕೈದು ವರ್ಷಗಳಲ್ಲಿ ಯುರೋಪಿನ ಮೂರನೇ ಒಂದು ಪಾಲು, ಕೆಲವರ ಲೆಕ್ಕದಲ್ಲಿ ಅರ್ಧದಷ್ಟು ಜನ ಸತ್ತುಹೋದರು. ದುಡಿಯುವ ಕೈಗಳು ಸಾಲದೆ ಕೂಲಿ ಏರಿತು. ಅದನ್ನು ಹಳೆಯ ದರಕ್ಕೇ ಇಳಿಸಲು ಇಂಗ್ಲೆಂಡು 1351ರಲ್ಲಿ ಕಾನೂನು ತಂದಿತು, ಒಳಗೊಳಗೇ ಕುದಿಯುತ್ತಿದ್ದ ರೈತರು 1381ರಲ್ಲಿ ದಂಗೆ ಎದ್ದರು. ಪಶ್ಚಿಮ ಯುರೋಪಿನಲ್ಲಿ ರೈತನನ್ನು ಒಡೆಯನ ಹೊಲಕ್ಕೆ ಕಟ್ಟಿಹಾಕಿದ್ದ ವ್ಯವಸ್ಥೆ ಸಡಿಲಾಗಲು ಪ್ಲೇಗು ದೊಡ್ಡ ಕಾರಣ ಎಂದು ನಾವೆಲ್ಲ ಓದಿದ್ದೇವೆ. ಆದರೆ ಅದೇ ರೋಗಾಣು 1924ರಲ್ಲಿ ಲಾಸ್ ಏಂಜಲೀಸ್‌ಗೂ ಬಂದಿತ್ತು, ಬಂದು ಸುಮಾರು 30 ಜನರನ್ನು ಕೊಂದು ಅಲ್ಲಿಗೇ ನಿಂತಿತು. ಒಂದು ಕಡೆ ಖಂಡದ ಹಣೆಬರಹವನ್ನೇ ಬದಲಿಸಿದ್ದು ಇನ್ನೊಂದು ಕಡೆ ಕೆಲವು ಬೀದಿಗಳನ್ನು ದಾಟಲಿಲ್ಲ. ಈ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಇತಿಹಾಸವನ್ನು ತಿರುಗಿಸುವ ಶಕ್ತಿ ರೋಗಾಣುವೊಂದಕ್ಕೇ ಇಲ್ಲ. ಅದು ಹರಡುವ ದಾರಿ ಜನಕ್ಕೆ ಗೊತ್ತಿದೆಯೇ, ಗೊತ್ತಿದ್ದರೆ ಆ ದಾರಿಯನ್ನು ಮುಚ್ಚುವ ಶಕ್ತಿಯೂ ಮನಸ್ಸೂ ಇದೆಯೇ ಎಂಬುದರ ಮೇಲೆ ಸಾವಿನ ಪ್ರಮಾಣ ನಿಲ್ಲುತ್ತದೆ.

ಎರಡೂ ಒಂದೇ ರೋಗಾಣು ಎಂಬುದಕ್ಕೆ ಪುರಾವೆ ಹಲ್ಲುಗಳಲ್ಲಿದೆ. 1348–50ರಲ್ಲಿ ಪ್ಲೇಗಿನಿಂದ ಸತ್ತವರನ್ನು ಹೂಳಿದ್ದ ಲಂಡನ್ನಿನ ಈಸ್ಟ್ ಸ್ಮಿತ್‌ಫೀಲ್ಡ್ ಸ್ಮಶಾನದ ಅಸ್ಥಿಪಂಜರಗಳ ಹಲ್ಲಿನಿಂದ ವಿಜ್ಞಾನಿಗಳು ಯೆರ್ಸಿನಿಯಾ ಪೆಸ್ಟಿಸ್ ಎಂಬ ಬ್ಯಾಕ್ಟೀರಿಯಾದ ಡಿಎನ್‌ಎ ತೆಗೆದು, 2011ರಲ್ಲಿ ಅದರ ಇಡೀ ಜೀನೋಮನ್ನು ಓದಿದರು. ಇಂದಿನ ತಳಿಗಳಿಗೂ ಅದಕ್ಕೂ ಇರುವ ವ್ಯತ್ಯಾಸ ತೀರಾ ಅಲ್ಪ. ಅದನ್ನು ಅಷ್ಟು ಭೀಕರವಾಗಿಸಿದ ವಿಶೇಷ ಗುಣ ಯಾವುದೂ ಅದರಲ್ಲಿ ಸಿಗಲಿಲ್ಲ. ಈ ಕುಲದ್ದೇ ಒಂದು ಕವಲು 1894ರಲ್ಲಿ ಹಾಂಗ್‌ಕಾಂಗ್, 1896ರಲ್ಲಿ ಮುಂಬಯಿ, 1898ರಲ್ಲಿ ಬೆಂಗಳೂರು ಸೇರಿತು. 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿ, ಅಲ್ಲಿಂದ ಕ್ಯಾಲಿಫೋರ್ನಿಯಾದ ನೆಲದ ಅಳಿಲುಗಳ ಬಿಲಗಳಲ್ಲಿ ಶಾಶ್ವತವಾಗಿ ನೆಲೆಸಿತು.

ಲಾಸ್ ಏಂಜಲೀಸ್‌ನ ನಡು ಪಟ್ಟಣದ ಪಕ್ಕದಲ್ಲಿ, ಮೆಕ್ಸಿಕನ್ ಕೂಲಿಕಾರರು ಒತ್ತೊತ್ತಾಗಿ ಬದುಕುತ್ತಿದ್ದ ಕ್ಲಾರಾ ಬೀದಿಯಲ್ಲಿ 1924ರ ಅಕ್ಟೋಬರಿನಲ್ಲಿ ಅದು ಮನುಷ್ಯರಿಗೆ ದಾಟಿತು. ಮೊದಲು ಜ್ವರ ಬಂದ ಮನೆಯ ಯಜಮಾನ ಮನೆಯಡಿಯಲ್ಲಿ ಸತ್ತ ಇಲಿಯೊಂದನ್ನು ಕಂಡು ಎತ್ತಿ ಎಸೆದಿದ್ದ. ಅವನ ಮಗಳು ಸತ್ತಳು. ಅವಳ ಆರೈಕೆಗೆ ಬಂದಿದ್ದ ನೆರೆಯ ಗರ್ಭಿಣಿ ಹೆಂಗಸು ಸತ್ತಳು. ಹೆಣದ ಸುತ್ತ ಕೂತು ಅತ್ತವರು, ಅಂತಿಮ ಪ್ರಾರ್ಥನೆ ಸಲ್ಲಿಸಿದ ಪಾದ್ರಿ, ರೋಗಿಗಳನ್ನು ಸಾಗಿಸಿದ ಆಂಬುಲೆನ್ಸ್ ಚಾಲಕ, ಒಬ್ಬರ ಹಿಂದೊಬ್ಬರು ಹೋದರು. ರೋಗ ಶ್ವಾಸಕೋಶಕ್ಕಿಳಿದು ಕೆಮ್ಮಿನಿಂದಲೇ ಹರಡುವ ರೂಪ ತಾಳಿತ್ತು. ವೈದ್ಯರು ಮೊದಲು ನ್ಯುಮೋನಿಯಾ ಎಂದುಕೊಂಡಿದ್ದರು. ತಿಂಗಳ ಕೊನೆಯಲ್ಲಿ ಒಬ್ಬ ರೋಗತಜ್ಞ ಶವದ ಶ್ವಾಸಕೋಶದ ಮಾದರಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ, ಎರಡೂ ತುದಿಯಲ್ಲಿ ಗಾಢವಾಗಿ ಬಣ್ಣ ಹೀರಿದ, ಸೇಫ್ಟಿ ಪಿನ್ನಿನಂಥ ಕಡ್ಡಿಗಳು ಕಂಡವು. ತಕ್ಷಣವೇ ಬೀದಿಗಳಿಗೆ ಕಾವಲು ಬಿತ್ತು, ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಹುಡುಕಿ ಬೇರೆಯಿರಿಸಿದರು, ಊರೆಲ್ಲ ಇಲಿಬೇಟೆ ಶುರುವಾಯಿತು. ಕೆಲವೇ ವಾರಗಳಲ್ಲಿ ಹೊಸ ರೋಗಿಗಳು ಬರುವುದು ನಿಂತಿತು.

ಇದಕ್ಕೆ ಬೇರೆ ವಿವರಣೆ ಇರಬಹುದಲ್ಲ ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ರೋಗಾಣು ದುರ್ಬಲವಾಗಿತ್ತೇ? ಶ್ವಾಸಕೋಶದ ಪ್ಲೇಗು ತಗುಲಿದವರಲ್ಲಿ ಬಹುತೇಕ ಎಲ್ಲರೂ ಸತ್ತರು, ಹಾಗಾಗಿ ಆ ಮಾತು ನಿಲ್ಲುವುದಿಲ್ಲ. ಔಷಧ ಕಾಪಾಡಿತೇ? ಪ್ಲೇಗಿಗೆ ಮದ್ದಾದ ಸ್ಟ್ರೆಪ್ಟೋಮೈಸಿನ್ ಪತ್ತೆಯಾದದ್ದೇ 1943ರಲ್ಲಿ. ಮಧ್ಯಯುಗದ ಪ್ಲೇಗಿನಲ್ಲಿ ಬದುಕುಳಿದವರ ಸಂತತಿಗೆ ಹೆಚ್ಚಿನ ನಿರೋಧಶಕ್ತಿ ಬಂದಿತ್ತು ಎಂಬ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು, ಆದರೆ ಅದರ ತೀರ್ಮಾನವನ್ನು ಬೇರೆ ಸಂಶೋಧಕರು ಪ್ರಶ್ನಿಸಿದ್ದಾರೆ. ಅದು ನಿಜವೇ ಆಗಿದ್ದರೂ ಕ್ಲಾರಾ ಬೀದಿಯ ಸಾವಿನ ದರದ ಮುಂದೆ ಅದರ ತೂಕ ಬಹಳ ಕಡಿಮೆ. ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ: ಶ್ವಾಸಕೋಶದ ಪ್ಲೇಗು ರೋಗಿಯನ್ನು ಎರಡು ಮೂರು ದಿನದಲ್ಲೇ ಮುಗಿಸುವುದರಿಂದ ಹೆಚ್ಚು ಜನಕ್ಕೆ ಅಂಟುವ ಮೊದಲೇ ತಾನೇ ಆರಿಹೋಗುತ್ತದೆ ಎಂಬುದು. ಆದರೆ 1910–11ರಲ್ಲಿ ಮಂಚೂರಿಯಾದಲ್ಲಿ ಅದೇ ರೂಪದ ಪ್ಲೇಗು ಸುಮಾರು 60,000 ಜನರನ್ನು ಬಲಿ ತೆಗೆದುಕೊಂಡಿತು. ಜನ ಒತ್ತಾಗಿ ಸೇರುವ ಕಡೆ, ತಡೆಯುವವರಿಲ್ಲದ ಕಡೆ ಅದು ತಾನಾಗಿ ಆರುವುದಿಲ್ಲ.

ಹಾಗೆಂದು ಅರಿವೊಂದೇ ಸಾಲದು ಎಂಬುದಕ್ಕೆ ನಮ್ಮ ನಾಡೇ ಸಾಕ್ಷಿ. ಇಲಿ ಬಿದ್ದರೆ ಊರು ಬಿಡಬೇಕೆಂದು ನಮ್ಮ ಹಳ್ಳಿಯವರಿಗೂ ತಿಳಿದಿತ್ತು, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಜೀವ ಉಳಿಸಿಕೊಂಡವರು ಎಷ್ಟೋ ಮಂದಿ. ಚಿಗಟವೇ ರೋಗ ದಾಟಿಸುತ್ತದೆಂದು 1898ರಲ್ಲೇ ವೈದ್ಯ ಪಾಲ್ ಲೂಯಿ ಸಿಮಾಂಡ್ ತೋರಿಸಿಕೊಟ್ಟಿದ್ದ. ಆದರೂ 1896ರಲ್ಲಿ ಮುಂಬಯಿ ಮುಟ್ಟಿದ ಆ ಅಲೆಯಲ್ಲಿ ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ತಿಳಿದದ್ದನ್ನು ಬಡವರ ಮನೆ ಬಾಗಿಲಿನವರೆಗೆ ತಲುಪಿಸುವ ವ್ಯವಸ್ಥೆ ಇರಲಿಲ್ಲ. ಬೆಂಗಳೂರಿನಲ್ಲಿ ಪ್ಲೇಗಿನ ಬೆನ್ನಿಗೇ ಮಲ್ಲೇಶ್ವರ, ಬಸವನಗುಡಿಯ ಅಗಲ ರಸ್ತೆಗಳೂ ಗಾಳಿಯಾಡುವ ಮನೆಗಳೂ ಎದ್ದವು. ರೋಗದ ಬೇರು ದಟ್ಟಣೆಯಲ್ಲಿದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಲಾಸ್ ಏಂಜಲೀಸ್‌ನ ಗೆಲುವನ್ನು ಹೊಗಳುವಾಗ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಬಂದವರನ್ನು ಕೆಲವು ದಿನ ಹೊರಗಿರಿಸುವ ಉಪಾಯ ಮಧ್ಯಯುಗದ ಯುರೋಪಿನದೇ: 1377ರಲ್ಲಿ ರಾಗೂಸಾ ನಗರ, ಇಂದಿನ ಡುಬ್ರೋವ್ನಿಕ್, ಪ್ಲೇಗಿನ ಊರುಗಳಿಂದ ಬರುವವರನ್ನು 30 ದಿನ ತಡೆದಿರಿಸಲು ಆಜ್ಞೆ ಮಾಡಿತು. ಅದೇ ಯುರೋಪು 1349ರ ಫೆಬ್ರುವರಿಯಲ್ಲಿ ಸ್ಟ್ರಾಸ್‌ಬೂರ್ಗಿನಲ್ಲಿ ಬಾವಿಗೆ ವಿಷ ಹಾಕಿದರೆಂದು ಯಹೂದಿಗಳನ್ನು ಸುಟ್ಟಿತು. ದಿಗ್ಬಂಧನದ ಬುದ್ಧಿ, ಯಾರನ್ನಾದರೂ ದೂರುವ ಕ್ರೌರ್ಯ, ಎರಡೂ ಒಂದೇ ಕಾಲದ ಕೂಸುಗಳು. ಅಂಥ ಕ್ರೌರ್ಯ ಲಾಸ್ ಏಂಜಲೀಸ್‌ನಲ್ಲಿ ನಡೆಯಲಿಲ್ಲ ನಿಜ. ಆದರೂ ಕಾವಲು ಬಿದ್ದದ್ದು ಮೆಕ್ಸಿಕನ್ನರ ಬೀದಿಗಳಿಗೆ, ಕೆಡವಿದ್ದು, ಸುಟ್ಟದ್ದು ಅವರ ಗುಡಿಸಲುಗಳನ್ನು. ಅವರನ್ನು ಇಲಿಗಳ ಜೊತೆ ಬದುಕುವಂತೆ ಮಾಡಿದ್ದ ಬಾಡಿಗೆ ಮನೆಗಳ ವ್ಯವಸ್ಥೆಯ ಬಗ್ಗೆ ಮಾತಾಡುವ ಬದಲು ಅವರ ಜನಾಂಗವನ್ನೇ ರೋಗದ ಮೂಲವಾಗಿ ಕಂಡದ್ದು ಅನ್ಯಾಯ.

ರೋಗಾಣು ಇನ್ನೂ ಕ್ಯಾಲಿಫೋರ್ನಿಯಾದಲ್ಲೇ ಇದೆ. ಸ್ಯಾನ್ ಡಿಯೇಗೋ ಕೌಂಟಿಯ ಪಾಲೋಮಾರ್ ಬೆಟ್ಟದಲ್ಲಿ ಆರೋಗ್ಯ ಸಿಬ್ಬಂದಿ ಅಳಿಲುಗಳನ್ನು ಹಿಡಿದು ರಕ್ತ ಪರೀಕ್ಷಿಸುತ್ತಾರೆ. ಸೋಂಕಿನ ಗುರುತು ಹಲವು ಬಾರಿ ಸಿಕ್ಕಿದೆ, ಆಗೆಲ್ಲ ಶಿಬಿರತಾಣಗಳಲ್ಲಿ ಎಚ್ಚರಿಕೆಯ ಫಲಕ ಹಾಕುತ್ತಾರೆ. ಇಡೀ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ ಏಳು ಜನರಿಗೆ ಪ್ಲೇಗು ಬರುತ್ತದೆ, ಬೇಗ ಗುರುತಿಸಿದರೆ ಆಂಟಿಬಯೋಟಿಕ್ ಗುಣಪಡಿಸುತ್ತದೆ. ರಜೆಯಲ್ಲಿ ಆ ಬೆಟ್ಟಗಳಿಗೆ ಮಕ್ಕಳೊಂದಿಗೆ ಹೋಗುವ ಕನ್ನಡಿಗರಲ್ಲಿ ವಿನಂತಿ: ಅಳಿಲಿಗೆ ತಿಂಡಿ ಹಾಕಬೇಡಿ, ಅವುಗಳ ಬಿಲದ ಹತ್ತಿರ ಗುಡಾರ ಹೂಡಬೇಡಿ, ನಾಯಿಗೆ ಚಿಗಟದ ಔಷಧ ಹಾಕಿಸಿ. ವಾಪಸಾದ ಮೇಲೆ ಜ್ವರದ ಜೊತೆ ತೊಡೆಸಂದಿಯಲ್ಲೋ ಕಂಕುಳಲ್ಲೋ ಗಂಟು ಕಾಣಿಸಿಕೊಂಡರೆ, ಬೆಟ್ಟಕ್ಕೆ ಹೋಗಿದ್ದೆವೆಂಬುದನ್ನು ಮೊದಲೇ ವೈದ್ಯರಿಗೆ ಹೇಳಿ.