ಓಟಕ್ಕೆ ಮುನ್ನ ಎದೆ ನಡುಗಿದರೆ...

ತಾಲೂಕು ಮಟ್ಟದ ಕ್ರೀಡಾಕೂಟದ ದಿನ ಓಟದ ಗೆರೆಯ ಬಳಿ ನಿಂತ ಮಕ್ಕಳ ಮುಖಗಳನ್ನು ಎಂದಾದರೂ ಗಮನಿಸಿದ್ದೀರಾ? ಊರಲ್ಲಿ ಕಾಲುವೆಯ ಏರಿಯ ಮೇಲೆ ಎಲ್ಲರನ್ನೂ ಹಿಂದೆ ಹಾಕುವ ಹುಡುಗ ಅಲ್ಲಿ ಬಿಳಿಚಿಕೊಂಡು ನಿಂತಿರುತ್ತಾನೆ. ಒಬ್ಬಳಿಗೆ ಹೊಟ್ಟೆ ತೊಳಸುತ್ತದೆ. ಇನ್ನೊಬ್ಬ ಅರ್ಧ ಗಂಟೆಯಲ್ಲಿ ಮೂರು ಸಲ ಮೂತ್ರಕ್ಕೆ ಹೋಗಿ ಬರುತ್ತಾನೆ. ಜವಳಗೇರಾದಿಂದ ಸಿಂಧನೂರಿಗೆ ಮಕ್ಕಳನ್ನು ಓಟಕ್ಕೆ ಕರೆದುಕೊಂಡು ಹೋಗುವ ನಮ್ಮಂತಹ ಶಿಕ್ಷಕರಿಗೆ ಇದು ಹೊಸತಲ್ಲ. ಬಸ್ಸು ಹತ್ತುವಾಗ ಇದ್ದ ಗಲಾಟೆ ಮೈದಾನ ಕಾಣುತ್ತಲೇ ನಿಂತುಹೋಗುತ್ತದೆ.

ಮಕ್ಕಳಿಗೆ ಸೋತರೆ ಒಂದು ಪ್ರಮಾಣಪತ್ರ ತಪ್ಪಬಹುದು, ಅಷ್ಟೇ. ಆದರೆ ನಮ್ಮ ರಾಯಚೂರು ಜಿಲ್ಲೆಯ ಎಷ್ಟೋ ಬಡ ಮನೆಗಳ ಯುವಕರಿಗೆ ಓಟವೆಂದರೆ ಅನ್ನದ ಪ್ರಶ್ನೆ. ಇತ್ತೀಚಿನ ವರ್ಷಗಳ ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗಳಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಿ ಮುಗಿಸಬೇಕಾಗಿತ್ತು. ತಿಂಗಳುಗಟ್ಟಲೆ ನಸುಕಿನಲ್ಲಿ ಎದ್ದು ಓಡಿದ ಹುಡುಗನ ಭವಿಷ್ಯ ಆ ಆರೂವರೆ ನಿಮಿಷದಲ್ಲಿ ನಿಂತಿರುತ್ತದೆ. ಇಂತಹ ಹೊತ್ತಿನಲ್ಲಿ ಗೆಳೆಯನೊಬ್ಬ, "ಇದೊಂದು ಮಾತ್ರೆ ನುಂಗು, ಎದೆ ಬಡಿತ ನಿಲ್ಲುತ್ತದೆ" ಎಂದು ಕೈಗಿತ್ತರೆ ಬೇಡವೆನ್ನುವ ಧೈರ್ಯ ಎಷ್ಟು ಮಂದಿಗಿದೆ? ಆದ್ದರಿಂದ ಈ ಭಯ ಏನು, ಅದಕ್ಕೆ ಮದ್ದು ಯಾವುದು ಎಂಬುದನ್ನು ಓಡುವವರು ಮಾತ್ರವಲ್ಲ, ಅವರ ಮನೆಯವರೂ ತಿಳಿಯಬೇಕಾಗಿದೆ.

ಈ ನಡುಕ ರೋಗವಲ್ಲ

ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಎರಡು ಪುಟ್ಟ ಗ್ರಂಥಿಗಳಿವೆ. ಅಪಾಯವೋ ಸವಾಲೋ ಎದುರಾದಾಗ ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಆಗ ಹೃದಯ ವೇಗವಾಗಿ ಬಡಿಯುತ್ತದೆ, ಉಸಿರು ಹೆಚ್ಚುತ್ತದೆ, ಹೊಟ್ಟೆಯ ಕಡೆ ಹರಿಯುವ ರಕ್ತ ಕಡಿಮೆಯಾಗಿ ಕಾಲಿನ ಸ್ನಾಯುಗಳ ಕಡೆ ತಿರುಗುತ್ತದೆ. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು, ಕೈ ತಣ್ಣಗಾಗುವುದು ಎಲ್ಲವೂ ಇದರ ಫಲ. ಅಂದರೆ ಓಟಗಾರ ಯಾವುದನ್ನು ಭಯವೆಂದು ಶಪಿಸುತ್ತಾನೋ ಅದು ಅವನನ್ನು ಓಡಿಸಲು ಅಲ್ಲಾಹನು ಶರೀರದಲ್ಲಿಟ್ಟ ಸಿದ್ಧತೆಯೇ ಆಗಿದೆ. ಗುಂಡು ಹಾರಿದ ಕೂಡಲೇ ಆ ಶಕ್ತಿ ಕಾಲಿಗೆ ಇಳಿಯುತ್ತದೆ.

ಆದರೆ ಇದಕ್ಕೂ ಒಂದು ಅಳತೆಯಿದೆ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರ ಪ್ರಯೋಗದಿಂದ ಬೆಳೆದು ಬಂದ ಒಂದು ತತ್ವವಿದೆ. ಉದ್ವೇಗ ಒಂದು ಮಟ್ಟದವರೆಗೆ ಏರಿದಾಗ ಕೆಲಸ ಸುಧಾರಿಸುತ್ತದೆ, ಆ ಮಟ್ಟ ಮೀರಿದರೆ ಕೆಡುತ್ತದೆ. ಸಾರಿಗೆ ಉಪ್ಪಿದ್ದಂತೆ. ಉಪ್ಪೇ ಇಲ್ಲದಿದ್ದರೆ ಸಪ್ಪೆ, ಹೆಚ್ಚಾದರೆ ಬಾಯಿಗಿಡಲಾಗದು. ಆದ್ದರಿಂದ ಭಯವನ್ನು ಬೇರುಸಹಿತ ಕೀಳುವುದು ನಮ್ಮ ಗುರಿಯಾಗಬಾರದು. ಅದನ್ನು ಹದದಲ್ಲಿ ಹಿಡಿಯುವುದು ಗುರಿಯಾಗಬೇಕು.

ಇನ್ನು ಕೆಲವರು, "ಈಮಾನ್ ಗಟ್ಟಿಯಿದ್ದರೆ ಹೆದರಿಕೆ ಏಕೆ?" ಎಂದು ಮಕ್ಕಳನ್ನು ಗದರಿಸುತ್ತಾರೆ. ಇನ್ನೂ ಕೆಲವರು ದೃಷ್ಟಿ ತಾಗಿದೆಯೆಂದು ತಾಯತ ಕಟ್ಟಿಸುತ್ತಾರೆ. ಅಂಥವರು ಪವಿತ್ರ ಕುರ್‌ಆನಿನ ತಾಹಾ ಅಧ್ಯಾಯವನ್ನು ಒಮ್ಮೆ ಓದಬೇಕು. ಫಿರ್‌ಔನನ ಮಾಂತ್ರಿಕರೊಂದಿಗೆ ಪ್ರವಾದಿ ಮೂಸಾ(ಅ)ರ ಮುಖಾಮುಖಿ ನಡೆದದ್ದು ಹಬ್ಬದ ದಿನ, ಹಾಡಹಗಲು, ಜನ ಕಿಕ್ಕಿರಿದ ಬಯಲಿನಲ್ಲಿ. ಮಾಂತ್ರಿಕರ ಹಗ್ಗ, ಕೋಲುಗಳು ಹರಿದಾಡುವಂತೆ ಕಂಡಾಗ ಮೂಸಾ(ಅ)ರ ಮನದಲ್ಲೂ ಭಯ ಮೂಡಿತೆಂದು ಕುರ್‌ಆನ್ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅಲ್ಲಾಹನು ಅವರನ್ನು ಅದಕ್ಕಾಗಿ ಗದರಿಸಲಿಲ್ಲ. ಧೈರ್ಯ ತುಂಬಿ, ಕೈಯಲ್ಲಿದ್ದ ಕೋಲನ್ನು ಎಸೆಯಲು ಹೇಳಿದನು. ಪ್ರವಾದಿಗೂ ಬಂದ ಭಯ ಹತ್ತನೆಯ ತರಗತಿಯ ಹುಡುಗನಿಗೆ ಬಂದರೆ ಅದು ಈಮಾನಿನ ಕೊರತೆಯಲ್ಲ. ಭಯದ ನಡುವೆಯೂ ತನ್ನ ಕೆಲಸ ಮಾಡುವುದೇ ಧೈರ್ಯ.

ದೊಡ್ಡವರಿಗೂ ತಪ್ಪಲಿಲ್ಲ

ಜಗತ್ತಿನ ಅತಿ ವೇಗದ ಮನುಷ್ಯ ಉಸೇನ್ ಬೋಲ್ಟ್ 2011ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ 100 ಮೀಟರ್ ಫೈನಲ್‌ನಲ್ಲಿ ಗುಂಡು ಹಾರುವ ಮೊದಲೇ ಹೊರಟುಬಿಟ್ಟರು. ಒಂದೇ ತಪ್ಪಿಗೆ ಹೊರಹಾಕುವ ನಿಯಮ 2010ರಿಂದ ಜಾರಿಯಲ್ಲಿತ್ತು. ಓಡದೆಯೇ ಅವರು ಹೊರನಡೆಯಬೇಕಾಯಿತು. ಮರುವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಅದೇ ಓಟದಲ್ಲಿ ಚಿನ್ನ ಗೆದ್ದರು.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲ್ ನಮ್ಮವರಾರೂ ಮರೆತಿಲ್ಲ. ಪಿ.ಟಿ. ಉಷಾ ಮೊದಲು ಚೆನ್ನಾಗಿಯೇ ಹೊರಟಿದ್ದರು. ಆದರೆ ಬೇರೊಬ್ಬ ಓಟಗಾರ್ತಿ ಅವಸರಿಸಿದ್ದರಿಂದ ಎಲ್ಲರನ್ನೂ ಹಿಂದಕ್ಕೆ ಕರೆದು ಮತ್ತೆ ನಿಲ್ಲಿಸಲಾಯಿತು. ಕೊನೆಗೆ ಉಷಾಗೆ ಕಂಚು ತಪ್ಪಿದ್ದು ಒಂದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಅದೇ ಓಟದಲ್ಲಿ ಚಿನ್ನ ಗೆದ್ದವರು ಮೊರಾಕ್ಕೋದ ನವಾಲ್ ಅಲ್ ಮುತವಕ್ಕಿಲ್. ಒಲಿಂಪಿಕ್ ಚಿನ್ನ ಗೆದ್ದ ಮೊದಲ ಅರಬ್ ಮಹಿಳೆ ಅವರು.

ಅದೇ ಮೊರಾಕ್ಕೋದ ಹಿಶಾಮ್ ಅಲ್ ಗರೂಜ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ 1500 ಮೀಟರ್ ಫೈನಲ್‌ನಲ್ಲಿ ಎಡವಿ ಬಿದ್ದು ಕೊನೆಯವರಾದರು. 2000ದಲ್ಲಿ ಸಿಡ್ನಿಯಲ್ಲಿ ಗೆಲ್ಲುವುದು ಖಚಿತವೆಂದೇ ಎಲ್ಲರೂ ಅಂದುಕೊಂಡಿದ್ದಾಗ ಎರಡನೆಯ ಸ್ಥಾನಕ್ಕಿಳಿದರು. ಎಂಟು ವರ್ಷಗಳ ಈ ಹೊರೆ ಹೊತ್ತು 2004ರಲ್ಲಿ ಅಥೆನ್ಸ್‌ನ ಗೆರೆಯ ಬಳಿ ನಿಂತವರ ಮನಸ್ಸು ಹೇಗಿದ್ದಿರಬೇಕು! ಅಲ್ಲಿ ಅವರು 1500 ಮೀಟರ್ ಗೆದ್ದರು. ನಾಲ್ಕೇ ದಿನಗಳಲ್ಲಿ 5000 ಮೀಟರನ್ನೂ ಗೆದ್ದರು. ಒಂದು ಸೋಲು ಬದುಕಿನ ಕೊನೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೇ?

ನೆಮ್ಮದಿಯ ದಿನಗಳಲ್ಲೇ ಸಿದ್ಧತೆ

ಹತ್ತನೆಯ ಶತಮಾನದ ಮುಸ್ಲಿಮ್ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸುಗಳ ಆರೋಗ್ಯದ ಕುರಿತು ಒಂದೇ ಗ್ರಂಥ ಬರೆದರು. ದೇಹದಂತೆ ಮನಸ್ಸಿಗೂ ಕಾಯಿಲೆಯಾಗುತ್ತದೆ ಎಂದು ವಿವರಿಸಿದ ಅವರು ಒಂದು ಉಪಾಯ ಸೂಚಿಸಿದ್ದಾರೆ. ಮನೆಯಲ್ಲಿ ತುರ್ತಿಗೆಂದು ಮದ್ದು ತೆಗೆದಿಡುವಂತೆ, ನೆಮ್ಮದಿಯಿರುವಾಗಲೇ ಒಳ್ಳೆಯ ಆಲೋಚನೆಗಳನ್ನು ಕೂಡಿಟ್ಟುಕೊಳ್ಳಬೇಕು. ಭಯ ಬಂದಾಗ ಅವನ್ನು ಹೊರತೆಗೆಯಬೇಕು. ಓಟಗಾರರಿಗೆ ಇದು ಚೆನ್ನಾಗಿ ಹೊಂದುತ್ತದೆ. ಗೆರೆಯ ಬಳಿ ನಿಂತಾಗ ಹೊಸದಾಗಿ ಧೈರ್ಯ ಹುಡುಕಿದರೆ ಸಿಗದು.

ಮೊದಲನೆಯದಾಗಿ, ಲೆಕ್ಕ ಮಾಡಿಟ್ಟುಕೊಳ್ಳಿ. 6 ನಿಮಿಷ 30 ಸೆಕೆಂಡ್ ಎಂದರೆ 390 ಸೆಕೆಂಡ್. 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಸುತ್ತಿಗೆ ಸುಮಾರು 97 ಸೆಕೆಂಡ್. ಗಾಬರಿಯಾದವನು ಮೊದಲ ಸುತ್ತನ್ನೇ 75 ಸೆಕೆಂಡಿನಲ್ಲಿ ಓಡಿ, ಮೂರನೆಯ ಸುತ್ತಿಗೆ ಕುಸಿಯುತ್ತಾನೆ. ಅಭ್ಯಾಸದಲ್ಲೇ ಗಡಿಯಾರ ಹಿಡಿದು 90ರಿಂದ 95 ಸೆಕೆಂಡಿನ ಹೆಜ್ಜೆಯನ್ನು ಕಾಲಿಗೆ ಕಲಿಸಿದರೆ ಮನಸ್ಸಿಗೆ ಹಿಡಿದುಕೊಳ್ಳಲು ಒಂದು ಊರುಗೋಲು ಸಿಗುತ್ತದೆ. "ಕೆಲಸ ಸಿಗುತ್ತದೋ ಇಲ್ಲವೋ" ಎಂಬ ಚಿಂತೆಗೆ ಬದಲು "ಈ ಸುತ್ತು 95" ಎಂಬುದಷ್ಟೇ ತಲೆಯಲ್ಲಿರಲಿ.

ಎರಡನೆಯದಾಗಿ, ಉಸಿರು. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆಳೆದು, ಆರು ಎಣಿಸುವಷ್ಟು ನಿಧಾನವಾಗಿ ಹೊರಬಿಡಿ. ಹೊರಬಿಡುವ ಉಸಿರು ಉದ್ದವಾದಷ್ಟೂ ಎದೆ ಬಡಿತ ಇಳಿಯುತ್ತದೆ. ನಿಧಾನವಾಗಿ, ಅರ್ಥ ಅರಿತು ಮಾಡುವ ಝಿಕ್ರ್ ಈ ಕೆಲಸವನ್ನು ಸಹಜವಾಗಿಯೇ ಮಾಡಿಸುತ್ತದೆ. ಫಿರ್‌ಔನನ ಬಳಿಗೆ ಹೊರಡುವ ಮುನ್ನ ಎದೆಯನ್ನು ವಿಶಾಲಗೊಳಿಸು, ಕಾರ್ಯವನ್ನು ಸುಲಭಗೊಳಿಸು ಎಂದು ಮೂಸಾ(ಅ) ಬೇಡಿದ ದುಆ ಮಕ್ಕಳಿಗೆ ಬಾಯಿಪಾಠ ಇರಲಿ.

ಮೂರನೆಯದಾಗಿ, ಹೆಸರು ಬದಲಿಸಿ. 2014ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಅಧ್ಯಯನದಂತೆ, ಭಾಷಣ ಅಥವಾ ಗಣಿತ ಪರೀಕ್ಷೆಗೆ ಮುನ್ನ "ಶಾಂತನಾಗು" ಎಂದುಕೊಂಡವರಿಗಿಂತ "ನನಗೆ ಹುರುಪು ಬಂದಿದೆ" ಎಂದುಕೊಂಡವರು ಚೆನ್ನಾಗಿ ಮಾಡಿದರು. ಬಡಿಯುವ ಎದೆಯನ್ನು ಶತ್ರುವೆನ್ನದೆ ಜೊತೆಗಾರನೆನ್ನಿ.

ಇನ್ನುಳಿದವು ಸಣ್ಣ ಸಂಗತಿಗಳು. ಎರಡು ಮೂರು ಗಂಟೆ ಮೊದಲೇ ರೂಢಿಯಿರುವ ಹಗುರ ಊಟ ಮಾಡಿ. ಅಂದು ಹೊಸ ಬೂಟು, ಹೊಸ ತಿಂಡಿ ಬೇಡ. ಕಾಫಿ ಮತ್ತು ಎನರ್ಜಿ ಡ್ರಿಂಕ್ ಎದೆ ಬಡಿತವನ್ನು ಇನ್ನಷ್ಟು ಏರಿಸುತ್ತವೆ. ಹಿಂದಿನ ರಾತ್ರಿ ನಿದ್ದೆ ಬರಲಿಲ್ಲವೆಂದು ಕಂಗೆಡಬೇಡಿ; ಆ ವಾರದ ಉಳಿದ ರಾತ್ರಿಗಳ ನಿದ್ದೆ ಕೈಬಿಡುವುದಿಲ್ಲ.

ಮಾತ್ರೆಯ ಮಾತು

ಭಯ ಕಳೆಯಲೆಂದು ಗೆಳೆಯರ ನಡುವೆ ಓಡಾಡುವ ಮಾತ್ರೆಗಳಲ್ಲಿ ಎರಡು ಬಗೆ ಮುಖ್ಯ. ಒಂದು ಪ್ರೊಪ್ರನೊಲಾಲ್. ಇದು ರಕ್ತದೊತ್ತಡ, ಹೃದಯದ ತೊಂದರೆ, ಅರೆತಲೆನೋವು, ಕೈನಡುಕಗಳಿಗೆ ವೈದ್ಯರು ಕೊಡುವ ಒಳ್ಳೆಯ ಔಷಧಿ. ಅಡ್ರಿನಲಿನ್ ಹೃದಯದ ಮೇಲೆ ಮಾಡುವ ಕೆಲಸವನ್ನು ಇದು ತಡೆಯುತ್ತದೆ. ಭಾಷಣಕಾರನ ನಡುಕಕ್ಕೆ ಇದರಿಂದ ಉಪಕಾರವಾಗಬಹುದು. ಓಟಗಾರನಿಗೆ ಮಾತ್ರ ಇದು ಕಾಲಿಗೆ ಕಟ್ಟಿದ ಕಲ್ಲು. ಓಡುವಾಗ ಹೃದಯ ಜೋರಾಗಿ ಬಡಿಯಲೇಬೇಕು. ಈ ಮಾತ್ರೆ ಅದನ್ನು ಹಿಡಿದೆಳೆಯುತ್ತದೆ. ಆಸ್ತಮಾ ಇರುವವರಿಗಂತೂ ಇದು ಪ್ರಾಣಾಪಾಯ ತರಬಲ್ಲದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜಾಂಗ್ ಸು ಇದೇ ಔಷಧಿ ಸೇವಿಸಿದ್ದು ಪತ್ತೆಯಾಗಿ ಗೆದ್ದ ಎರಡು ಪದಕಗಳನ್ನೂ ಕಳೆದುಕೊಂಡರು. ಶೂಟಿಂಗ್, ಬಿಲ್ವಿದ್ಯೆಗಳಲ್ಲಿ ಇದಕ್ಕೆ ನಿಷೇಧವಿದೆ. ಓಟದಲ್ಲಿ ನಿಷೇಧವಿಲ್ಲ, ಆದರೆ ಪ್ರಯೋಜನವೂ ಇಲ್ಲ.

ಇನ್ನೊಂದು ಅಲ್ಪ್ರಜೋಲಾಮ್ ಜಾತಿಯ ಮಾತ್ರೆ. ಇದು ಮಂಪರು ತರಿಸುತ್ತದೆ, ಕೈಕಾಲುಗಳ ಹೊಂದಾಣಿಕೆ ಕೆಡಿಸುತ್ತದೆ, ಕೆಲವೇ ವಾರಗಳಲ್ಲಿ ಚಟವಾಗಬಲ್ಲದು. ವೈದ್ಯರ ಚೀಟಿಯಿಲ್ಲದೆ ಮಾರುವುದು ಕಾನೂನಿಗೆ ವಿರುದ್ಧ. ಚಿಕಿತ್ಸೆಯ ಅಗತ್ಯವಿಲ್ಲದೆ ಮತ್ತಿಗಾಗಿ ನುಂಗುವುದು ಧರ್ಮಕ್ಕೂ ವಿರುದ್ಧ.

ಶಕ್ತಿಯ ಪುಡಿ, ಟಾನಿಕ್ಕುಗಳ ಬಗ್ಗೆಯೂ ಎಚ್ಚರವಿರಲಿ. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ತಂದವರು. 2011ರಲ್ಲಿ ಅವರ ಮಾದರಿಯಲ್ಲಿ ನಿಷೇಧಿತ ಅಂಶ ಪತ್ತೆಯಾಯಿತು. ತರಬೇತುದಾರರು ಕೊಟ್ಟ ಪೂರಕ ಆಹಾರದಿಂದ ಹೀಗಾಯಿತೆಂಬುದು ಅವರ ವಾದವಾಗಿತ್ತು. ಆದರೂ 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2 ವರ್ಷಗಳ ನಿಷೇಧ ವಿಧಿಸಿತು. ಯಾರೇ ಕೊಟ್ಟಿರಲಿ, ಬಾಯಿಗೆ ಹಾಕಿಕೊಂಡದ್ದಕ್ಕೆ ಓಟಗಾರನೇ ಹೊಣೆ.

ವೈದ್ಯರ ಬಳಿ ಹೋಗಬೇಕಾದಾಗ

ಹಾಗೆಂದು ಔಷಧಿಯೇ ಕೂಡದೆಂಬುದು ಇನ್ನೊಂದು ಅತಿರೇಕ. ಓಟವಿಲ್ಲದ ದಿನಗಳಲ್ಲೂ ಭಯ ಬಿಡದಿದ್ದರೆ, ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಈಗಲೇ ಸಾಯುತ್ತೇನೆಂಬ ಗಾಬರಿ ಮತ್ತೆ ಮತ್ತೆ ಬಂದರೆ ಅದು ಕಾಯಿಲೆಯಾಗಿರಬಹುದು. ಅದಕ್ಕೆ ಸಮಾಲೋಚನೆಯಿದೆ, ಔಷಧಿಯೂ ಇದೆ. ಇಂತಹ ಆತಂಕಕ್ಕೆ ಮನೋವೈದ್ಯರು ಸಾಮಾನ್ಯವಾಗಿ ಕೊಡುವ ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್‌ನಂತಹ ಮಾತ್ರೆಗಳು ಕ್ರೀಡೆಯಲ್ಲಿ ನಿಷೇಧಿತವಲ್ಲ. ಅವು ಕೆಲಸ ಮಾಡಲು ಕೆಲವು ವಾರ ಬೇಕು. ಓಟದ ಬೆಳಿಗ್ಗೆ ನುಂಗುವಂಥವಲ್ಲ, ಕೇಳದೆ ನಡುವೆ ನಿಲ್ಲಿಸುವಂಥವೂ ಅಲ್ಲ. ತಾನು ಓಟಗಾರನೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು.

ಚಿಕಿತ್ಸೆ ಪಡೆಯಬಹುದೇ ಎಂದು ಮರುಭೂಮಿಯ ಜನ ಕೇಳಿದಾಗ ಪ್ರವಾದಿ(ಸ) ಪಡೆಯಿರಿ ಎಂದೇ ಹೇಳಿದರು. ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವನಿಗೆ ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂದು ಕಲಿಸಿದರು. ದುಆ ಮತ್ತು ದವಾ ಒಂದಕ್ಕೊಂದು ಎದುರಾಳಿಗಳಲ್ಲ.

ಮನೆಯವರಿಗೊಂದು ಮಾತು

ಮಕ್ಕಳ ಭಯದಲ್ಲಿ ದೊಡ್ಡ ಪಾಲು ನಮ್ಮದೇ. "ಈ ಸಲ ಆಗದಿದ್ದರೆ ಮನೆಗೆ ಬರಬೇಡ" ಎನ್ನುವ ಅಬ್ಬಾ, ಪಕ್ಕದ ಮನೆಯ ಹುಡುಗನ ಕೆಲಸವನ್ನು ದಿನವೂ ನೆನಪಿಸುವ ಅಮ್ಮಿ ತಮಗರಿವಿಲ್ಲದೆಯೇ ಮಗನ ಬೆನ್ನಿಗೆ ಮೂಟೆ ಹೊರಿಸುತ್ತಾರೆ. ಹೆಣ್ಣುಮಕ್ಕಳಿಗಂತೂ ಜನ ಏನೆನ್ನುತ್ತಾರೋ ಎಂಬ ಅಳುಕು, ಮೈದಾನದಲ್ಲಿ ಶೌಚಾಲಯವಿಲ್ಲದ ಕಷ್ಟ ಬೇರೆ. ಅವರಿಗೆ ಹಿತವಾದ, ಮೈತುಂಬುವ ಉಡುಪು ಕೊಡಿಸಿ, ಜೊತೆಗೆ ಒಬ್ಬರು ಹೋಗಿ ನಿಂತರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಪ್ರವಾದಿ(ಸ) ಮತ್ತು ಹ. ಆಯಿಶಾ(ರ) ಓಟದ ಪಂದ್ಯ ಕಟ್ಟಿದ ಘಟನೆ ಹದೀಸಿನಲ್ಲಿದೆ. ಮೊದಲ ಸಲ ಆಯಿಶಾ(ರ) ಗೆದ್ದರು. ಕಾಲಾನಂತರ ಇನ್ನೊಮ್ಮೆ ಓಡಿದಾಗ ಪ್ರವಾದಿ(ಸ) ಗೆದ್ದು, ಇದು ಅದಕ್ಕೆ ಸಾಟಿಯಾಯಿತೆಂದು ವಿನೋದ ಮಾಡಿದರು. ಗೆದ್ದವರು ಹೀಯಾಳಿಸಲಿಲ್ಲ, ಸೋತವರು ಕುಗ್ಗಲಿಲ್ಲ. ನಮ್ಮ ಮನೆಗಳಲ್ಲಿಯೂ ಅಂತಹ ವಾತಾವರಣವಿರಲಿ. ಓಟದ ದಿನ ಹೊರಡುವ ಮಗುವಿಗೆ, "ನಿನ್ನ ಪ್ರಯತ್ನ ನೀನು ಮಾಡು, ಫಲ ಅಲ್ಲಾಹನದು, ಗೆದ್ದರೂ ಸೋತರೂ ಸಂಜೆ ಒಟ್ಟಿಗೇ ಊಟ ಮಾಡೋಣ" ಎಂದು ಹೇಳಿ ಕಳಿಸಿರಿ. ಯಾವ ಮಾತ್ರೆಯೂ ಕೊಡದ ಧೈರ್ಯ ಆ ಮಾತಿನಲ್ಲಿರುತ್ತದೆ, ಇನ್‌ಶಾ ಅಲ್ಲಾಹ್.