ಚಿತ್ರದಲ್ಲಿ ಕಾಣದ ಜಲಚಕ್ರ

ಸಮುದ್ರದ ನೀರು ಆವಿಯಾಗಿ ಮೋಡ ಕಟ್ಟುತ್ತದೆ, ಮೋಡ ಬೆಟ್ಟಕ್ಕೆ ಬಂದು ಮಳೆ ಸುರಿಸುತ್ತದೆ, ಆ ನೀರು ಹೊಳೆಯಾಗಿ ಸಮುದ್ರಕ್ಕೆ ಮರಳುತ್ತದೆ. ಶಾಲಾಪುಸ್ತಕದ ಚಿತ್ರ ಕಲಿಸಿದ ಜಲಚಕ್ರ ಇದು. ತಪ್ಪೇನಲ್ಲ, ಆದರೆ ಅರೆಬರೆ. ಕಡಲಿನಿಂದ ವರ್ಷಕ್ಕೆ ಆವಿಯಾಗುವುದು ಸುಮಾರು 4,13,000 ಘನ ಕಿ.ಮೀ. ನೀರು. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಮಳೆಯಾಗಿ ಕಡಲಿಗೇ ಬೀಳುತ್ತದೆ. ನೆಲದ ಕಡೆಗೆ ಸಾಗಿಬರುವುದು ಸುಮಾರು 40,000 ಘನ ಕಿ.ಮೀ. ಮಾತ್ರ. ಹಾಗಿದ್ದೂ ನೆಲದ ಮೇಲೆ ಸುರಿಯುವ ಮಳೆ ಒಂದು ಲಕ್ಷ ಘನ ಕಿ.ಮೀ. ದಾಟುತ್ತದೆ. ಉಳಿದದ್ದು ನೆಲದಿಂದಲೇ ಎದ್ದದ್ದು: ಒದ್ದೆ ಮಣ್ಣಿನಿಂದ, ಕೆರೆಗಳಿಂದ, ಹೆಚ್ಚಾಗಿ ಗಿಡಮರಗಳ ಎಲೆಯಿಂದ.

ನೀರು ಆವಿಯಾಗಲು ಕುದಿಯಬೇಕು ಎಂಬ ನಂಬಿಕೆಗೆ ನೆರಳಿನಲ್ಲಿ ಒಣಗುವ ಬಟ್ಟೆಯೇ ಉತ್ತರ. ಮೋಡವೆಂದರೆ ನೀರಾವಿ ಎನ್ನುವುದೂ ಸರಿಯಲ್ಲ. ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಮೋಡವಾಗಿ ಕಾಣುವುದು ದೂಳು, ಉಪ್ಪಿನಂಥ ಕಣಗಳ ಮೇಲೆ ಕೂಡಿಕೊಂಡ ಅತಿಸಣ್ಣ ಹನಿಗಳು ಮತ್ತು ಹಿಮದ ಹರಳುಗಳು; ಒಂದು ಮಳೆಹನಿಯಾಗಲು ಅಂಥ ಸುಮಾರು ಹತ್ತು ಲಕ್ಷ ಹನಿ ಬೇಕು. ಇನ್ನು, ಆಕಾಶದಲ್ಲಿ ಅಪಾರ ನೀರಿನ ದಾಸ್ತಾನಿದೆ ಎಂಬ ಊಹೆ. ಇಡೀ ವಾತಾವರಣದ ತೇವ ಒಮ್ಮೆಗೇ ಸುರಿದರೂ ಭೂಮಿಯ ಮೇಲೆ ಸರಾಸರಿ 25 ಮಿ.ಮೀ. ನೀರು ನಿಂತೀತು, ಅಷ್ಟೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾಗುವುದು ನೈರುತ್ಯ ಮಾರುತ ಬಿಡದೆ ಹೊಸ ತೇವ ಹೊತ್ತು ತರುವುದರಿಂದ, ಘಟ್ಟ ಆ ಗಾಳಿಯನ್ನು ಮೇಲಕ್ಕೆತ್ತಿ ತಣಿಸುವುದರಿಂದ. ಆವಿಯಾದ ನೀರು ಗಾಳಿಯಲ್ಲಿ ಉಳಿಯುವುದು ಸರಾಸರಿ ಒಂಬತ್ತೇ ದಿನ.

ಹೊಳೆಗೆ ನೀರು ಎಲ್ಲಿಂದ ಎಂಬ ವಿಷಯದಲ್ಲಿ ಪಂಡಿತರೇ ಬಹುಕಾಲ ಎಡವಿದ್ದರು. ಮಳೆಯೊಂದರಿಂದ ನದಿ ತುಂಬದು, ಕಡಲನೀರು ನೆಲದಡಿಯ ಕಾಲುವೆಗಳಲ್ಲಿ ಬೆಟ್ಟಕ್ಕೇರುತ್ತದೆ ಎಂಬ ವಾದ ಯುರೋಪಿನಲ್ಲಿ 17ನೇ ಶತಮಾನದಲ್ಲೂ ಚಾಲ್ತಿಯಲ್ಲಿತ್ತು. ಫ್ರಾನ್ಸಿನ ಪಿಯರ್ ಪೆರೋ 1674ರಲ್ಲಿ ಸೀನ್ ನದಿಯ ಮೇಲ್ಭಾಗದಲ್ಲಿ ಬೀಳುವ ಮಳೆಯನ್ನು ಲೆಕ್ಕಹಾಕಿ, ಅದು ನದಿಯ ಹರಿವಿಗಿಂತ ಸುಮಾರು ಆರು ಪಟ್ಟು ಎಂದು ತೋರಿಸಿದ. ಕಾಲುವೆಗಳ ಅಗತ್ಯವೇ ಉಳಿಯಲಿಲ್ಲ.

ನೆಲದಡಿ ನದಿ ಹರಿಯುತ್ತದೆ ಎಂಬ ಮಾತು ಮಾತ್ರ ಬೋರ್‌ವೆಲ್ ಪಾಯಿಂಟ್ ನೋಡುವಲ್ಲಿ ಇಂದಿಗೂ ಉಳಿದಿದೆ. ಅಂಗೈಯ ಮೇಲಿನ ತೆಂಗಿನಕಾಯಿ ಎದ್ದು ನಿಂತ ಕಡೆ ನೀರು ಗ್ಯಾರಂಟಿ ಎನ್ನುತ್ತಾರೆ. ಸುಣ್ಣಕಲ್ಲಿನ ಸೀಮೆಗಳಲ್ಲಿ ನೆಲದಡಿಯ ಹೊಳೆಗಳು ಉಂಟು. ಕೋಲಾರದಂಥ ಗಟ್ಟಿಬಂಡೆಯ ಸೀಮೆಯಲ್ಲಿ ಇಲ್ಲ. ಅಲ್ಲಿ ಕೊರೆಯುವಾಗ ಮೊದಲು ಮಣ್ಣು, ಆಮೇಲೆ ಒಣ ಕಲ್ಲುಪುಡಿ ಹೊಗೆಯಾಗಿ ಏಳುತ್ತದೆ. ನೀರಿರುವ ಬಿರುಕು ಸಿಕ್ಕಾಗಲೇ ಪುಡಿ ಕೆಸರಾಗಿ ಚಿಮ್ಮುವುದು. ಆ ಬಿರುಕುಗಳನ್ನು ತುಂಬುವುದು ಮೇಲಿನಿಂದ ಇಂಗಿದ ಮಳೆ. ಮಳೆ ನಿಂತು ತಿಂಗಳಾದರೂ ಹಳ್ಳ ಹರಿಯುತ್ತಿದ್ದರೆ ಅದೂ ಇದೇ ಅಂತರ್ಜಲ ಮೆಲ್ಲನೆ ಬಿಟ್ಟುಕೊಡುವ ನೀರು. ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗಿಳಿದರೆ ಹಳ್ಳದ ನೀರೇ ನೆಲ ಸೇರತೊಡಗುತ್ತದೆ. ಹಳ್ಳ, ಅಂತರ್ಜಲ ಎರಡನ್ನೂ ಬೇರೆ ಬೇರೆ ಲೆಕ್ಕಕ್ಕೆ ಬರೆಯುವುದೇ ಎಡವಟ್ಟು.

ಪಶ್ಚಿಮಕ್ಕೆ ಹರಿಯುವ ನದಿಗಳ ನೀರು ವ್ಯರ್ಥವಾಗಿ ಕಡಲು ಸೇರುತ್ತಿದೆ ಎಂಬುದು ಕರ್ನಾಟಕದಲ್ಲಿ ಹಳೆಯ ದೂರು. ಆ ನದಿಗಳನ್ನು ಪೂರ್ವಕ್ಕೆ ತಿರುಗಿಸಿದರೆ ಮಳೆಯೇ ನಿಂತೀತು ಎಂಬ ಪ್ರತಿವಾದವೂ ಉತ್ಪ್ರೇಕ್ಷೆಯೇ; ಅರಬ್ಬೀ ಸಮುದ್ರ ಆವಿಯಾಗಲು ನೇತ್ರಾವತಿಗೆ ಕಾಯುವುದಿಲ್ಲ. ನದಿನೀರಿನ ಕೆಲಸ ಬೇರೆ. ಅದು ಕಡಲತೀರಕ್ಕೆ ಮರಳು, ಮೀನಿಗೆ ಪೋಷಕಾಂಶ ತರುತ್ತದೆ, ಉಪ್ಪುನೀರು ಒಳನುಗ್ಗದಂತೆ ತಡೆಯುತ್ತದೆ. ಎಷ್ಟು ನೀರು ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯ. ದೊಡ್ಡ ಅಣೆಕಟ್ಟೆಯಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಸಿಹಿ–ಉಪ್ಪಿನ ಪ್ರಮಾಣ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಚಿಪ್ಪು ಆಯುವ ಕಸುಬೂ ಅದನ್ನೇ ನೆಚ್ಚಿದೆ. ಪಕ್ಕದ ಶರಾವತಿಯಲ್ಲಿ ವಿದ್ಯುದಾಗಾರ ಬೇಸಿಗೆಯಲ್ಲೂ ಬಿಡುವ ಸಿಹಿನೀರಿನಿಂದ ಅಳಿವೆಯ ಉಪ್ಪು ಇಳಿಯಿತು, ಚಿಪ್ಪುಗಳೂ ಕಡಿಮೆಯಾದವು.